ಬಾಗಿಲ ಬಳಿ ನಿಂತ ಗೊಂಬೆ

ಕಲ್ಮೇಶ, ಹೂಲಿ ಊರಿನ ಹತ್ತಿರದ ಒಂದು ಸಾಲಿಯಲ್ಲಿ ಅತಿಥಿ ಶಿಕ್ಷಕ. ಅತಿಥಿ ಅಂದರೆ, ಪ್ರತಿ ಮಾರ್ಚಿಗೆ ಎದ್ದು ಹೋಗಿ ಜೂನಿನಲ್ಲಿ ಮತ್ತೆ ಬಂದು ಬಾಗಿಲಿಗೆ ನಿಲ್ಲುವವನು. ಹೀಗೆ ನಾಲ್ಕು ವರ್ಷ. ಹೆಡ್‌ಮಾಸ್ತರ ಬಸಲಿಂಗಪ್ಪನವರ, ಹಿರಿಯ ಶಿಕ್ಷಕಿ ಮಹಾನಂದಾ ಅಕ್ಕೋರ ಆನ್‌ಲೈನ್ ತರಬೇತಿಗಳನ್ನೆಲ್ಲ ಮುಗಿಸಿಕೊಡುವವನು ಅವನೇ. ಮಕ್ಕಳ ಮನಶ್ಶಾಸ್ತ್ರದಲ್ಲಿ ಅಕ್ಕೋರಿಗೆ ತೊಂಬತ್ತು ಬಂದಾಗ ಇವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಅಂಥ ಶಾಣ್ಯಾ.

ಈ ಸಲದ ತರಬೇತಿ ಬೇರೆ ನಮೂನೆಯದು. ಕಂಪ್ಯೂಟರಿನೊಳಗೇ ಒಂದು ಸಾಲಿ. ಶಿಕ್ಷಕರು ಗೊಂಬೆಗಳಾಗಿ ಅದರೊಳಗೆ ಹೊಕ್ಕು, ಮೂವರು ಕೂಡಿ ಮಾತಾಡಿಕೊಂಡು ಒಂದು ಪಾಠ ಕಟ್ಟಬೇಕು. ಇದರ ಪ್ರಮಾಣಪತ್ರ ಇಲ್ಲದ ಅತಿಥಿಗೆ ಮುಂದಿನ ವರ್ಷ ಕೆಲಸವಿಲ್ಲ. ಸವದತ್ತಿಯ ಶಿಕ್ಷಣ ಕಚೇರಿಯಿಂದ ಮೂರು ಲ್ಯಾಪ್‌ಟಾಪ್ ಬಂದವು.

"ನಂದೂ ಅಕ್ಕೋರದೂ ನೀನಽ ನಡಸಪಾ," ಎಂದರು ಬಸಲಿಂಗಪ್ಪ. "ಗೊಂಬಿಯಾದ್ರೂ ನಿನ್ನ ಮಾತು ಕೇಳತಾವ. ಹುಡುಗರಂತೂ ಕೇಳಂಗಿಲ್ಲ."

"ನನ್ನ ಗೊಂಬಿಗೆ ಸೀರಿ ಉಡಸು. ಪ್ಯಾಂಟ್ ಬ್ಯಾಡ," ಎಂದರು ಅಕ್ಕೋರು.

ಕಲ್ಮೇಶ ಹೂಂ ಅಂದ. ಹೆಡ್‌ಮಾಸ್ತರ ಗೊಂಬೆಯಿಂದ ಪ್ರಶ್ನೆ ಕೇಳಿಸಿದ, ಅಕ್ಕೋರ ಗೊಂಬೆಯಿಂದ ಉತ್ತರ ಬರೆಸಿದ. ರೊಟ್ಟಿ ಮುರಿದು ಭಿನ್ನರಾಶಿ ಕಲಿಸುವ ಪಾಠ ಚಲೋ ಬಂತು. ಹಿರಿಯರಿಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ತನ್ನ ಗೊಂಬೆಯನ್ನು ಬಾಗಿಲ ಬಳಿ ಕೈಕಟ್ಟಿ ನಿಲ್ಲಿಸಿದ. ಆ ಹಿರಿಯರಿಬ್ಬರನ್ನೂ ಮಾತಾಡಿಸುತ್ತಿರುವುದು ತಾನೇ ಎಂಬುದು ಮೂರು ದಿನವೂ ಅವನ ತಲೆಗೆ ಹೋಗಲಿಲ್ಲ.

ಫಲಿತಾಂಶ ಬಂತು. ಅವರಿಬ್ಬರಿಗೂ 'ಉತ್ತಮ ಸಹಭಾಗಿತ್ವ'. ಕಲ್ಮೇಶನ ಹೆಸರಿನ ಮುಂದೆ: 'ಭಾಗವಹಿಸಿಲ್ಲ'.

"ಸರ, ಎಲ್ಲಾ ನಾನಽ ಮಾಡೇನಿ ಅಂತ ಒಂದ ಮಾತು ಬರದ ಕೊಡ್ರಿ."

"ಬರದ್ರ ನಮ್ಮಿಬ್ಬರ ಸರ್ಟಿಫಿಕೇಟೂ ಹೋಗತೈತಲ್ಲೋ. ನಿಂದಂತೂ ಹೋಗೇತಿ." ಬಸಲಿಂಗಪ್ಪ ಸಿಟ್ಟಾಗಲಿಲ್ಲ, ಚಹಾ ತರಿಸಿದರು. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕಲ್ಮೇಶ ಚಹಾ ಕುಡಿದ.

ಮೇ ಕೊನೆಗೆ ಅವರೇ ಫೋನು ಮಾಡಿ ಕರೆದರು. ಇಸ್ತ್ರಿ ಅಂಗಿ ಹಾಕಿಕೊಂಡು ಓಡಿದ.

"ಹೊಸಾ ಟೀಚರ್ ಹೆಸರು ಆನ್‌ಲೈನ್ ಏರಸಬೇಕಿತ್ತಪಾ. ನಮಗ ಬಗಿಹರೀವಲ್ದು."

ಹೆಸರು ಶೀತಲ್, ಊರು ಚಚಡಿ. ಕಲ್ಮೇಶ ಕುಳಿತು ತುಂಬಿದ. ಹಿಂದಿನ ಅತಿಥಿ ಶಿಕ್ಷಕ ಕೆಲಸ ಬಿಟ್ಟದ್ದಕ್ಕೆ ಕಾರಣ ಆರಿಸದೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಕಾರಣಗಳು ಎರಡೇ ಇದ್ದವು: ಮರಣ, ಸ್ವಇಚ್ಛೆ. ಬಸಲಿಂಗಪ್ಪ ಕಿಟಕಿಯಾಚೆ ನೋಡುತ್ತ ಕುಳಿತರು. ಮೊದಲನೆಯದಕ್ಕೆ ದಾಖಲೆ ಕೇಳುತ್ತಿತ್ತು. ಕಲ್ಮೇಶ ಎರಡನೆಯದನ್ನು ಒತ್ತಿದ.