ಯೂಲಾನ್ ಚಹಾದಂಗಡಿಯ ಚರಿತ್ರೆ

ವಿಚಿತ್ರ ಅನುಭವಗಳನ್ನು ಯಾರಾದರೂ ಎದುರಿಗೆ ಕುಳಿತು ಹೇಳಿದರೆ ವಿನಯದಿಂದ ಕೇಳಿ, ಅವರು ಎದ್ದು ಹೋದ ಮೇಲೆ ನಗುತ್ತಿದ್ದವನು ನಾನು. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ. ಸರಿಯಾಗಿ ಗಮನಿಸಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಗಮನಿಸುವುದು ನನ್ನ ಕಸುಬು. ನಾನು ಸ್ಟೆನೋಗ್ರಾಫರ್, ಇನ್ನೊಬ್ಬರು ಹೇಳಿದ್ದನ್ನು ಶಬ್ದ ಬಿಡದೆ ಬರೆದುಕೊಳ್ಳುವುದಕ್ಕೇ ನನಗೆ ಸಂಬಳ. ಅಂಥವನಿಗೆ, ತಾನು ಕೇಳಿದ್ದು ಯಾರ ಬಾಯಿಂದ, ಯಾವ ಭಾಷೆಯಲ್ಲಿ ಎಂದು ಹೇಳಲಾಗದ ಒಂದು ದಿನ ಬಂತು. ಅದನ್ನು ಈಗ ನಡೆದ ಹಾಗೆಯೇ ಬರೆಯುತ್ತೇನೆ. ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ವರ್ಷಗಳು. ಜಿದ್ದಾದ ಬಂದರಿನ ಹತ್ತಿರ ಒಂದು ಹಡಗು ಏಜೆನ್ಸಿಯಲ್ಲಿ ಕೆಲಸಕ್ಕಿದ್ದೆ. ಮೂಲ್ಕಿಯ ಕಡೆಯವನು, ಮನೆಮಾತು ತುಳು. ನನ್ನ ಕೋಣೆಯಲ್ಲಿ ಉಳ್ಳಾಲದ ಹಮೀದ್ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ನಾನು ಅವರನ್ನು ಹಮೀದಾಕ ಎಂದು ಕರೆಯುತ್ತಿದ್ದೆ. ಚಹಾದ ವಿಷಯದಲ್ಲಿ ಅವರಿಗೆ ದೊಡ್ಡ ಹಠ. ಕ್ಯಾಂಟೀನಿನ ಚಹಾ ಬಾಯಿಗೆ ಹಾಕುತ್ತಿರಲಿಲ್ಲ.

"ಒಂದು ಚೀನದವನ ಅಂಗಡಿ ಉಂಟು ಮಾರಾಯ, ಬಲದ್‌ನಲ್ಲಿ. ಅಲ್ಲಿ ಒಮ್ಮೆ ಕುಡಿದು ನೋಡು, ಆಮೇಲೆ ನಿನಗೆ ಬೇರೆ ಎಂತದೂ ಹಿಡಿಸುವುದಿಲ್ಲ" ಎಂದು ಒಂದು ಗುರುವಾರ ಮಧ್ಯಾಹ್ನ ನನ್ನನ್ನು ಎಳೆದುಕೊಂಡು ಹೋದರು.

ಬಲದ್ ಎಂದರೆ ಜಿದ್ದಾದ ಹಳೆಯ ಪೇಟೆ. ಮರದ ಜಾಲರಿ ಕಿಟಕಿಗಳ ಎತ್ತರದ ಮನೆಗಳ ನಡುವೆ ಒಂದು ಓಣಿ, ಓಣಿಯ ತಿರುವಿನಲ್ಲಿ ಆ ಅಂಗಡಿ. ಬಾಗಿಲ ಮೇಲೆ ಅರಬ್ಬಿಯಲ್ಲಿ ಬರೆದ ತಗಡಿನ ಬೋರ್ಡು. ಒಳಗೆ ಗೋಡೆಯ ಮೇಲೆ ಇನ್ನೊಂದು, ಕಪ್ಪು ಮರದ್ದು, ಚಿನ್ನದ ಬಣ್ಣ ಮಾಸಿದ ಚೀನೀ ಅಕ್ಷರಗಳು. ಯಜಮಾನ ಇಸ್ಹಾಕ್‌ಗೆ ಮೂವತ್ತೈದು ವರ್ಷವಿರಬಹುದು. ಮುಖ ಚೀನದ್ದು, ತೊಟ್ಟದ್ದು ಅರಬ್ಬರ ಬಿಳಿ ನಿಲುವಂಗಿ, ನಮ್ಮ ಜೊತೆ ಮಾತು ಉರ್ದು. ಊರವರಿಗೆ ಪುದೀನಾ ಹಾಕಿದ ಕೆಂಪು ಚಹಾ ಕೊಡುತ್ತಿದ್ದ. ಕೇಳಿದವರಿಗೆ ಮಾತ್ರ ಮುಚ್ಚಳದ ಪಿಂಗಾಣಿ ಬಟ್ಟಲಲ್ಲಿ ಹಸಿರು ಎಲೆ, ಒಣ ಖರ್ಜೂರ, ದ್ರಾಕ್ಷಿ, ಕಲ್ಲುಸಕ್ಕರೆ ಹಾಕಿ ಮೇಲಿಂದ ಕುದಿನೀರು ಸುರಿಯುತ್ತಿದ್ದ. ಮುಚ್ಚಳವನ್ನು ಓರೆ ಮಾಡಿ ಎಲೆ ಬಾಯಿಗೆ ಬರದಂತೆ ಹೀರಬೇಕು. ನೀರು ಮುಗಿದಂತೆ ಮತ್ತೆ ಸುರಿಯುತ್ತಾನೆ. ಪ್ರತಿ ಸಲ ರುಚಿ ಬೇರೆ. ಹಮೀದಾಕ ಹೇಳಿದ್ದು ಸುಳ್ಳಾಗಿರಲಿಲ್ಲ.

ನಾನು ಟೈಪಿಂಗ್, ಶಾರ್ಟ್‌ಹ್ಯಾಂಡ್ ಬಲ್ಲವನೆಂದು ಗೊತ್ತಾದ ಮೇಲೆ ಇಸ್ಹಾಕ್ ಒಂದು ಕೆಲಸ ಹೇಳಿದ. ಆ ಓಣಿಯ ಮನೆಗಳನ್ನು ಕೆಡವುವ ಮಾತು ನಡೆದಿತ್ತು. ಅಂಗಡಿಯನ್ನು ಹೊಸ ಜಾಗಕ್ಕೆ ಒಯ್ಯುವ ಮೊದಲು ಅದರ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆಸಿ ಚೌಕಟ್ಟು ಹಾಕಿಸಬೇಕು. ಆ ವರ್ಷ ಹಜ್ಜಿಗೆ ಬರುವ ಚೀನೀ ಯಾತ್ರಿಕರ ಕೈಯಲ್ಲೂ ಒಂದು ಪ್ರತಿ ಕಳಿಸಬೇಕು. "ಅಪ್ಪನ ಊರಲ್ಲಿ ಯಾರಾದರೂ ಉಳಿದಿದ್ದರೆ ನಾವು ಇದ್ದೇವೆ ಅಂತ ಗೊತ್ತಾಗಲಿ" ಎಂದ. ತೊಂದರೆಯೆಂದರೆ, ಹೇಳಲು ಅವನಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ತಂದೆ ಲಾನ್‌ಝೌ ಎಂಬ ಊರಿನವರು, ಹಜ್ಜಿಗೆಂದು ಬಂದು ಉಳಿದರು, ಮೊದಲು ಮಕ್ಕಾದಲ್ಲಿ ಯಾತ್ರಿಕರಿಗೆ ಚಹಾ ಮಾರಿದರು, ಆಮೇಲೆ ಇಲ್ಲಿಗೆ ಬಂದರು, ತೀರಿಕೊಂಡು ಹತ್ತು ವರ್ಷವಾಯಿತು. ಇಷ್ಟೇ. ಚೀನೀ ಅಕ್ಷರ ಓದಲು ಅವನಿಗೆ ಬರುತ್ತಿರಲಿಲ್ಲ. ಬೋರ್ಡಿನಲ್ಲಿ ಏನಿದೆ ಎಂದು ಕೇಳಿದೆ. "ಯೂಲಾನ್. ಬಿಳಿ ಹೂವಿನ ಹೆಸರು ಅಂತ ಅಪ್ಪ ಹೇಳುತ್ತಿದ್ದರು."

"ನಿಮ್ಮ ತಾಯಿಯನ್ನು ಕೇಳಬಹುದಲ್ಲ?"

"ಅಮ್ಮ ಹಳೆಯದನ್ನು ಮಾತಾಡುವುದಿಲ್ಲ. ಕೇಳಿದರೆ ಎದ್ದು ಹೋಗುತ್ತಾರೆ."

ತಾಯಿಗೆ ಎಪ್ಪತ್ತು ದಾಟಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತಿಬಟ್ಟೆಯ ಪರದೆಯ ಆಚೆ ಕುಳಿತಿರುತ್ತಿದ್ದರು. ಪ್ರಾರ್ಥನೆಯ ಮಾತುಗಳನ್ನು ಬಿಟ್ಟರೆ ಅರಬ್ಬಿ ಅವರಿಗೆ ತಿಳಿಯದು, ಉರ್ದು ಮೊದಲೇ ಇಲ್ಲ. ಮಗನೊಂದಿಗೆ ತಮ್ಮ ಊರಿನ ಚೀನೀ ಮಾತನ್ನಷ್ಟೇ ಆಡುತ್ತಿದ್ದರು.

ಮೂರನೆಯ ಗುರುವಾರ ಅಸರ್, ಅಂದರೆ ಇಳಿಮಧ್ಯಾಹ್ನದ ನಮಾಜಿನ, ಬಾಂಗ್ ಕೇಳಿಸಿತು. ನಮಾಜಿನ ಹೊತ್ತಿಗೆ ಅಂಗಡಿಗಳೆಲ್ಲ ಮುಚ್ಚಬೇಕು. ಇಸ್ಹಾಕ್ ಮತ್ತು ಹಮೀದಾಕ ಮಸೀದಿಗೆ ಹೊರಟರು. ನಾನು ಹೋಗುವವನಲ್ಲ, ಬೀದಿಯಲ್ಲಿ ನಿಲ್ಲುವಂತೆಯೂ ಇಲ್ಲ. "ನೀನು ಒಳಗೇ ಕೂತಿರು, ಬರೆದದ್ದನ್ನು ಸರಿಮಾಡು" ಎಂದು ಹಿಂದಿನ ಕೋಣೆಯಲ್ಲಿ ಪರದೆಯ ಈಚೆ ನನ್ನನ್ನು ಕೂರಿಸಿ ಶಟರ್ ಎಳೆದರು.

ಒಳಗೆ ಒಂದು ಬಲ್ಬು. ಸಣ್ಣ ಉರಿಯ ಮೇಲೆ ಕೆಟಲು ಸುಯ್ಯೆನ್ನುತ್ತಿತ್ತು. ಪರದೆಯ ಆಚೆ ಜಪಮಣಿಯ ಸದ್ದು. ನಾನು ನೋಟ್‌ಬುಕ್ ತೆರೆದು ಪೆನ್ಸಿಲ್ ಹಿಡಿದೆ. ಆಮೇಲೆ ಆ ಅಜ್ಜಿ ಮಾತಾಡಿದರು. ಹಾಗೆಂದು ನಾನು ತಿಳಿದದ್ದು. ಅದರಲ್ಲಿ ಆಶ್ಚರ್ಯವೇನೂ ಅನಿಸಲಿಲ್ಲ. ಕಚೇರಿಯಲ್ಲಿ ಮ್ಯಾನೇಜರ್ ಡಿಕ್ಟೇಶನ್ ಕೊಡುವಾಗ ಕೈ ತಾನಾಗಿ ಓಡುವಂತೆ ಅಂದೂ ಓಡಿತು.

ಗಂಡನ ತಂದೆ ಹಳದಿ ನದಿಯ ದಂಡೆಯಲ್ಲಿ ಹೆಗಲ ಮೇಲೆ ಕೆಟಲು, ಬಟ್ಟಲು ಹೊತ್ತು ಹೇಸರಗತ್ತೆ ಹೊಡೆಯುವವರಿಗೆ ಚಹಾ ಮಾರುತ್ತಿದ್ದುದು. ಕಬ್ಬಿಣದ ಸೇತುವೆಯ ಹತ್ತಿರ ಒಂದು ಬೆಂಚಿನ ಅಂಗಡಿ ಹಾಕಿದ್ದು. ಗಂಡನ ಕಾಲಕ್ಕೆ ಅದು ಹನ್ನೆರಡು ಮೇಜಿನ ಅಂಗಡಿಯಾದದ್ದು. ಮೊದಲ ಮಗು ಹೆಣ್ಣು. ಅದು ಹುಟ್ಟಿದ ವರ್ಷವೇ ಬೋರ್ಡು ಕೆತ್ತಿಸಿದರು. ಬೋರ್ಡಿಗೂ ಮಗುವಿಗೂ ಒಂದೇ ಹೆಸರು, ಯೂಲಾನ್. ಆಮೇಲೆ ಸರಕಾರ ಬದಲಾಗುವ ಗಲಾಟೆ. ಊರು ಬಿಡಬೇಕಾದ ಚಳಿಗಾಲದಲ್ಲಿ ಆರು ವರ್ಷದ ಆ ಹುಡುಗಿಗೆ ದಡಾರ. ಗಂಡನ ಅಕ್ಕನ ಮನೆಯಲ್ಲಿ ಬಿಟ್ಟು, ಹಿಮ ಕರಗಿದ ಮೇಲೆ ಕರೆಸಿಕೊಳ್ಳುವುದೆಂದು ಹೊರಟರು. ಗಂಡ ಬೋರ್ಡನ್ನು ಕಳಚಿ ರಜಾಯಿಯಲ್ಲಿ ಸುತ್ತಿ ಹೇಸರಗತ್ತೆಯ ಮೇಲೆ ಕಟ್ಟಿದ. ಟಿಬೆಟ್ ದಾಟಿ ಕಲಕತ್ತೆ, ಅಲ್ಲಿಂದ ಮುಂಬಯಿ, ಅಲ್ಲಿಂದ ಹಡಗು. ಇಸ್ಹಾಕ್ ಹುಟ್ಟಿದ್ದು ಮಕ್ಕಾದಲ್ಲಿ. ಅಷ್ಟು ಹೊತ್ತಿಗೆ ಚೀನದಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ದಾರಿಯೇ ಮುಚ್ಚಿಹೋಗಿತ್ತು. "ಮಗು ಅಲ್ಲೇ ಉಳಿಯಿತು, ಹೆಸರು ಮಾತ್ರ ಬಂತು" ಎಂಬ ಮಾತಿಗೆ ನನ್ನ ಪೆನ್ಸಿಲ್ ಒಮ್ಮೆ ನಿಂತದ್ದು ನೆನಪಿದೆ.

ಹೊರಡುವ ಬೆಳಿಗ್ಗೆ ಹುಡುಗಿಗೆ ಎಚ್ಚರವಾಗಿ, ಬರಿಗಾಲಿನಲ್ಲಿ ಹಿಮದ ಮೇಲೆ ಸೇತುವೆಯ ತನಕ ಓಡಿ ಬಂದದ್ದು, ಹೇಸರಗತ್ತೆ ಅಷ್ಟರಲ್ಲಿ ಆಚೆ ದಡ ಸೇರಿದ್ದು ಎಂಬುದನ್ನೂ ಬರೆದೆ.

ಶಟರ್ ಎತ್ತಿದ ಸದ್ದಿಗೆ ತಲೆಯೆತ್ತಿದೆ. ಇಸ್ಹಾಕ್ ಒಳಗೆ ಬಂದು ನೋಟ್‌ಬುಕ್ ನೋಡಿ, "ಇಷ್ಟೊಂದು ಏನು ಬರೆದೆ?" ಎಂದ.

"ನಿಮ್ಮ ತಾಯಿ ಎಲ್ಲ ಹೇಳಿದರಲ್ಲ."

ಅವನು ನಕ್ಕ. "ಅಮ್ಮ ಹೇಳಿದರೇ? ಯಾವ ಭಾಷೆಯಲ್ಲಿ?"

ಚೀನೀ ಭಾಷೆಯ ಒಂದು ಶಬ್ದವೂ ನನಗೆ ತಿಳಿಯದು. ನೆನಪು ಮಾಡಿಕೊಂಡಾಗ ಕಿವಿಯಲ್ಲಿ ಉಳಿದಿದ್ದದ್ದು 'ಬಾಲೆ' ಎಂಬ ಶಬ್ದ. ತುಳುವಿನಲ್ಲಿ ಹಾಗೆಂದರೆ ಮಗು. ಲಾನ್‌ಝೌದ ಮುದುಕಿ ನನ್ನೊಡನೆ ತುಳುವಿನಲ್ಲಿ ಮಾತಾಡಿದರು ಎನ್ನಲು ಯಾವ ಬಾಯಿಂದ ಸಾಧ್ಯ? ನೋಟ್‌ಬುಕ್ ನೋಡಿದೆ. ಅಲ್ಲಿದ್ದದ್ದು ಇಂಗ್ಲಿಷಿನ ಶಾರ್ಟ್‌ಹ್ಯಾಂಡ್, ಚೊಕ್ಕ ನನ್ನದೇ ಕೈ. ಅದರಿಂದ ಏನೂ ಗೊತ್ತಾಗುವಂತಿರಲಿಲ್ಲ. ಅರಬ್ ಮ್ಯಾನೇಜರ್ ಹರಕು ಇಂಗ್ಲಿಷಿನಲ್ಲಿ ಹೇಳಿದ್ದನ್ನೂ ಸರಿಯಾದ ಇಂಗ್ಲಿಷಿಗೆ ತಂದುಕೊಂಡೇ ಬರೆಯುವ ಅಭ್ಯಾಸ ನನಗಿತ್ತು.

ನಾನು ಓದಿ ಹೇಳಿದೆ. ಯೂಲಾನ್ ಎಂಬ ಮಗುವಿನ ಮಾತು ಬಂದಾಗ ಇಸ್ಹಾಕ್ ಚಹಾದ ಪೆಟ್ಟಿಗೆಯ ಮೇಲೆ ಕುಳಿತ. ತನಗೊಬ್ಬಳು ಅಕ್ಕನಿದ್ದಾಳೆಂದು ಅವನು ಆವತ್ತಿನವರೆಗೂ ಕೇಳಿರಲಿಲ್ಲ. ಓದಿ ಮುಗಿಯುವ ಮೊದಲೇ ಎದ್ದು ಪರದೆಯ ಆಚೆ ಹೋದ. ಅವರ ಭಾಷೆಯಲ್ಲಿ ಮಾತು ನಡೆಯಿತು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ, ಆಮೇಲೆ ಆ ಮುದುಕಿಯ ಅಳು. ಹಮೀದಾಕ ನನ್ನ ತೋಳು ಹಿಡಿದುಕೊಂಡು, "ಎಂತ ಮಾಡಿದೆ ನೀನು?" ಎಂದು ಪಿಸುಗುಟ್ಟಿದರು. "ಗೊತ್ತಿಲ್ಲ ಹಮೀದಾಕ" ಎಂದೆ.

ಇಸ್ಹಾಕ್ ಹೊರಗೆ ಬಂದಾಗ ಅವನ ಮುಖದಲ್ಲಿ ಸಿಟ್ಟೋ ಹೆದರಿಕೆಯೋ ತಿಳಿಯಲಿಲ್ಲ.

"ಎಲ್ಲ ನಿಜವಂತೆ. ಆದರೆ ಅಮ್ಮ ನಿನಗೆ ಏನೂ ಹೇಳಿಲ್ಲವಂತೆ. ಬಾಯಿಯೇ ತೆರೆದಿಲ್ಲವಂತೆ. ನೀನು ಏನೋ ನಿನ್ನದು ಬರೆದುಕೊಳ್ಳುತ್ತಿದ್ದೀ ಅಂತ ಮಣಿ ಎಣಿಸುತ್ತಾ ಕೂತಿದ್ದರಂತೆ."

"ಮತ್ತೆ?"

"ದಿನಾ ಅಸರ್ ಹೊತ್ತಿಗೆ ಇದನ್ನೆಲ್ಲ ಮನಸ್ಸಿನಲ್ಲಿ ನೆನೆಯುತ್ತಾರಂತೆ. ಇವತ್ತೂ ನೆನೆದೆ ಅಂದರು. ಒಂದು ಮಾತ್ರ ತಪ್ಪು. ಹುಡುಗಿ ಓಡಿ ಬಂದದ್ದು ಇಲ್ಲವೇ ಇಲ್ಲ. ಇವರು ಹೊರಡುವಾಗ ಅವಳು ನಿದ್ದೆಯಲ್ಲಿದ್ದಳು. ಎಬ್ಬಿಸಿದರೆ ಬಿಟ್ಟುಬರಲಾಗುವುದಿಲ್ಲ ಅಂತ ಎಬ್ಬಿಸಲೇ ಇಲ್ಲವಂತೆ."

ಅದನ್ನು ಹೊಡೆದುಹಾಕಲೇ ಎಂದು ಕೇಳಿದೆ. ಅವನು, "ಬೇಡ, ಹೇಗಿದೆಯೋ ಹಾಗೇ ಟೈಪ್ ಮಾಡು" ಎಂದ.

ಮುಂದಿನ ಗುರುವಾರ ಅದೇ ಹೊತ್ತಿಗೆ ಅಜ್ಜಿ ನನ್ನನ್ನು ಬೇಕೆಂದೇ ಕೂರಿಸಿಕೊಂಡರು. ಈ ಸಲ ಪರದೆ ಸರಿಸಿದ್ದರು. ಪುಟ್ಟ ದೇಹ, ಬಿಳಿ ಮುಸುಕು, ಸುಕ್ಕಿನ ನಡುವೆ ಚುರುಕಾದ ಕಣ್ಣು. ಶಟರ್ ಎಳೆದ ಮೇಲೆ ಅವರು ಮಾತಾಡಿದರು. ನಿಜವಾಗಿ, ಗಟ್ಟಿಯಾಗಿ, ಕೈ ಆಡಿಸಿ, ಬಹಳ ಹೊತ್ತು. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅವರು ನನ್ನ ಪೆನ್ಸಿಲನ್ನೇ ನೋಡುತ್ತಿದ್ದರು. ಅದು ಅಲ್ಲಾಡದ್ದು ಕಂಡು ಮಾತು ನಿಲ್ಲಿಸಿ, ಒಂದು ಬಟ್ಟಲು ಚಹಾ ಮಾಡಿ ನನ್ನ ಮುಂದಿಟ್ಟರು. ನನಗೆ ಅವಮಾನವಾದಂತಾಯಿತು. ಯಾವ ತಪ್ಪಿಗೆಂದು ತಿಳಿಯಲಿಲ್ಲ.

ಸಾಧ್ಯವಿದ್ದ ಸಮಾಧಾನಗಳನ್ನೆಲ್ಲ ಮಾಡಿಕೊಂಡೆ. ಅವರಿಗೆ ಅರಿವಿಲ್ಲದೆಯೇ ಬಾಯಿಂದ ಮಾತು ಹೊರಟಿರಬಹುದು. ಕಲಕತ್ತೆ, ಮುಂಬಯಿಯಲ್ಲಿ ಕಾದಿದ್ದ ತಿಂಗಳುಗಳಲ್ಲಿ ನಾಲ್ಕು ಮಾತು ಹಿಂದುಸ್ತಾನಿ ಕಲಿತಿರಬಹುದು. ಹಮೀದಾಕನಿಗೆ ಹೇಳಿದರೆ, "ನಿನ್ನ ಶಾರ್ಟ್‌ಹ್ಯಾಂಡಿಗೆ ಎಂತದೋ ಹಿಡಿದಿದೆ, ಸ್ವಲ್ಪ ದಿವಸ ಕಚೇರಿಯ ಕಾಗದ ಮಾತ್ರ ಬರಿ" ಎಂದು ನಕ್ಕರು. ಆದರೆ ಅವರು ಆಮೇಲೆ ನಮಾಜಿಗೆ ಹೋಗುವಾಗ ನನ್ನನ್ನು ಆ ಕೋಣೆಯಲ್ಲಿ ಒಬ್ಬನೇ ಬಿಡುತ್ತಿರಲಿಲ್ಲ. ಮೊದಲೇ ಎಬ್ಬಿಸಿ ಬಸ್ಸು ಹತ್ತಿಸುತ್ತಿದ್ದರು.

ಟೈಪಾದ ಹಾಳೆಗಳು ಚೀನೀ ಹಾಜಿಗಳ ಜೊತೆ ಹೋದವು. ಇಸ್ಹಾಕ್ ಹೊಸ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ತೆರೆದ. ಕಪ್ಪು ಬೋರ್ಡು ಅಲ್ಲಿಗೂ ಹೋಯಿತು. ಮುಂದಿನ ಹಜ್ಜಿಗೆ ಬಂದ ಒಬ್ಬ ವೃದ್ಧ ಯಾತ್ರಿಕ ಆ ಅಂಗಡಿಯನ್ನು ಹುಡುಕಿಕೊಂಡು ಬಂದ. ಅವನ ಹತ್ತಿರ ಒಂದು ಫೋಟೋ, ಒಂದು ಪತ್ರ. ಇಸ್ಹಾಕ್ ಕಚೇರಿಗೇ ಫೋನ್ ಮಾಡಿ ನನ್ನನ್ನು ಕರೆಸಿದ.

ಯೂಲಾನ್ ಬದುಕಿದ್ದಳು. ಫೋಟೋದಲ್ಲಿ ನಲವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು, ಸುತ್ತ ನಾಲ್ಕು ಮಕ್ಕಳು. ಇಂಗ್ಲಿಷ್ ಬಲ್ಲ ಶಾಲಾ ಮೇಷ್ಟ್ರೊಬ್ಬರು ನನ್ನ ಹಾಳೆಗಳನ್ನು ಅವಳಿಗೆ ಓದಿ ಹೇಳಿದ್ದರು. ಯಾತ್ರಿಕ ಪತ್ರವನ್ನು ಓದಿದ, ಇಸ್ಹಾಕ್ ಸಾಲು ಸಾಲಾಗಿ ನನಗೆ ಉರ್ದುವಿಗೆ ತಂದ. "ಅತ್ತೆ ಚೆನ್ನಾಗಿ ಸಾಕಿದಳು. ಹಳೆಯ ಅಂಗಡಿ ಈಗಿಲ್ಲ. ನಾನೂ ಈಗ ಪೇಟೆಯಲ್ಲಿ ಚಹಾದ ಬಂಡಿ ಇಟ್ಟಿದ್ದೇನೆ." ಆಮೇಲೆ ಬಂದ ಸಾಲನ್ನು ಇಸ್ಹಾಕ್ ಯಾತ್ರಿಕನಿಂದ ಎರಡು ಸಲ ಓದಿಸಿದ. "ಆ ಬೆಳಿಗ್ಗೆ ನಾನು ಬರಿಗಾಲಿನಲ್ಲಿ ಸೇತುವೆಯವರೆಗೆ ಓಡಿದ್ದೆ. ಯಾರೂ ನೋಡಲಿಲ್ಲ. ಅತ್ತೆ ಬೈದಾಳೆಂದು ಯಾರಿಗೂ ಹೇಳಲಿಲ್ಲ. ಇದನ್ನು ಬರೆದವರು ಯಾರು? ಅವರು ಆ ದಿನ ಸೇತುವೆಯ ಮೇಲಿದ್ದರೇ?"

ಅಜ್ಜಿ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಯಾತ್ರಿಕನನ್ನು ಏನೋ ಕೇಳಿದರು. ಇಸ್ಹಾಕ್ ನನ್ನ ಕಡೆ ತಿರುಗಿ ಹೇಳಿದ: "ಅಷ್ಟು ಹಿಮದಲ್ಲಿ ಅವಳ ಕಾಲಿಗೆ ಏನೂ ಆಗಲಿಲ್ಲ ತಾನೆ ಅಂತ ಕೇಳುತ್ತಿದ್ದಾರೆ."

ಯಾತ್ರಿಕನಿಗೆ ಅದು ಗೊತ್ತಿರಲಿಲ್ಲ. ಬರೆದು ಕೇಳುತ್ತೇವೆ ಎಂದ ಇಸ್ಹಾಕ್, ಆ ಹೊತ್ತಿಗೇ ಉತ್ತರ ಬರೆಸಲು ಕುಳಿತ. ಯಾತ್ರಿಕ ಬರೆಯುತ್ತಾ ಹೋದ. ಕೊನೆಗೆ ಇಸ್ಹಾಕ್ ನನ್ನನ್ನು ಕೇಳಿದ: "ನಿನ್ನ ಬಗ್ಗೆ ಕೇಳಿದ್ದಾಳಲ್ಲ. ಏನು ಬರೆಸಲಿ?"

ಆ ಚಳಿಗಾಲದಲ್ಲಿ ನಾನು ಇನ್ನೂ ಹುಟ್ಟಿರಲಿಲ್ಲ. ಹಿಮವನ್ನು ನಾನು ಈವರೆಗೆ ಕಣ್ಣಾರೆ ಕಂಡಿಲ್ಲ. ತಾಯಿ ಹೇಳಿದ್ದನ್ನು ಬರೆದೆ ಎನ್ನೋಣವೆಂದರೆ ತಾಯಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವಳು ಅಷ್ಟು ದೂರದಲ್ಲಿ ಬಂಡಿಯ ಮುಂದೆ ಚಹಾ ಸೋಸುತ್ತಿದ್ದಳು. ಮೂವರೂ ನನ್ನನ್ನೇ ನೋಡುತ್ತಿದ್ದರು. ಸ್ಟೆನೋಗ್ರಾಫರ್ ಎಂದು ಬರೆಸಿ, ಅಂದೆ. ಅದಕ್ಕೆ ಚೀನೀ ಭಾಷೆಯಲ್ಲಿ ಏನೆನ್ನುತ್ತಾರೆಂದು ಇಸ್ಹಾಕ್‌ಗೂ ತಿಳಿದಿರಲಿಲ್ಲ. ಅವನು ತನಗೆ ತೋಚಿದ್ದನ್ನು ಹೇಳಿದ, ಯಾತ್ರಿಕ ತಲೆಯಾಡಿಸಿ ಬರೆದುಕೊಂಡ. ನಾನು ಯಾರೆಂದು ಆ ಪತ್ರದಲ್ಲಿ ಬರೆದಿತ್ತೋ, ನನಗೆ ಇಂದಿಗೂ ತಿಳಿಯದು.