ಬಾಣಂತಿ ಕೋಣೆಯ ಕಿಟಕಿ

ಆ ಚಳಿಗಾಲದಲ್ಲಿ ಅಕ್ಕ ಹೆರಿಗೆಗೆಂದು ಹಿರೇಕೆರೂರಿನ ಗಂಡನ ಮನೆಯಿಂದ ಆಡೂರಿಗೆ, ನಮ್ಮ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ನಾನು ಶಿಗ್ಗಾಂವದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಶನಿವಾರ ಪಾಠ ಮುಗಿಸಿ, ಬಸ್ಸು ಹತ್ತಿ ಊರಿಗೆ ಬಂದರೆ ಬಾಣಂತಿ ಕೋಣೆಯ ಬಾಗಿಲಲ್ಲೇ ಉಸಿರು ಕಟ್ಟಿತು. ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೆ ಸೀರೆ ತುರುಕಿ, ಹೊರಸಿನ ಕೆಳಗೆ ಕೆಂಡ ಇಟ್ಟಿದ್ದರು. ನಡುಮಧ್ಯಾಹ್ನವೂ ಒಳಗೆ ಅಕ್ಕನ ಮುಖ ಕಾಣುತ್ತಿರಲಿಲ್ಲ. ಬಾಣಂತಿಗೆ ಗಾಳಿ ತಾಗಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಅವ್ವ ಅದನ್ನು ವ್ರತದ ಹಾಗೆ ನಡೆಸುತ್ತಿದ್ದಳು.

ನೋಡಲು ಬಂದ ಓಣಿಯ ಹೆಂಗಸರು ಅಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ಎಂಥ ಗುಣವಂತ ಬಾಣಂತಿ, ಒಂದು ಮಾತಿಲ್ಲ, ಹಟವಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದವಳು ಮಗ್ಗುಲು ಕೂಡ ಬದಲಿಸುವುದಿಲ್ಲ ಅಂತ. ನನಗೆ ಮೈ ಉರಿಯಿತು. ನನ್ನ ಅಕ್ಕ ಸುಮ್ಮನಿರುವ ಪೈಕಿ ಅಲ್ಲವೇ ಅಲ್ಲ. ಸೀಟಿಗಾಗಿ ಬಸ್ಸಿನ ಕಂಡಕ್ಟರನ ಬೆವರಿಳಿಸಿದವಳು. ಬಾಣಂತಿಗೆ ಕೊಡುವ ಸಿಹಿ ಅಂಟಿನುಂಡಿ ಅಂದರೆ ಪ್ರಾಣ ಬಿಡುವವಳು. ಈಗ ತಲೆದಿಂಬಿನ ಬಳಿ ಡಬ್ಬಿ ತುಂಬ ಉಂಡಿ ಹಾಗೇ ಇದ್ದವು, ಒಂದನ್ನೂ ಮುರಿದಿರಲಿಲ್ಲ.

ಅದನ್ನು ಕಂಡು ನನಗೆ ಹಳೆಯ ಪ್ರಯೋಗವೊಂದು ನೆನಪಾಯಿತು. ಧಾರವಾಡದಲ್ಲಿ ಓದುವಾಗ ನಾನು ಪ್ರಯೋಗಾಲಯದ ಇಲಿಗಳನ್ನು ನೋಡಿಕೊಳ್ಳುತ್ತಿದ್ದೆ. ದೀಪ ಬೇಗ ಆರಿಸಿ ಅವುಗಳ ಹಗಲನ್ನು ಚಿಕ್ಕದು ಮಾಡುತ್ತಿದ್ದೆವು. ಪಂಜರದಲ್ಲಿ ಎರಡು ಬಾಟಲಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ಒಂದು ತಳಿಯ ಇಲಿಗಳಿಗೆ ಹಗಲು ಎಷ್ಟಿದ್ದರೂ ಅಷ್ಟೇ, ಸಕ್ಕರೆ ನೀರಿಗೇ ಮುತ್ತುತ್ತಿದ್ದವು. ಇನ್ನೊಂದು ತಳಿಯವು ಹಗಲು ಕುಗ್ಗಿದ ಹಾಗೆ ಮೂಲೆ ಹಿಡಿಯುತ್ತಿದ್ದವು, ಸಿಹಿಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಹುಟ್ಟಿನಿಂದ ಬಂದ ಗುಣಕ್ಕೆ ಕತ್ತಲೆಯೂ ಸೇರಿದಾಗ ಅವು ಕುಸಿಯುತ್ತಿದ್ದವು. ನಮ್ಮ ಅವ್ವ ಕೂಡ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಮಂಕಾಗಿ, ಸಂಕ್ರಾಂತಿಯ ಆಚೆಗೆ ಮತ್ತೆ ಜಗಳಕ್ಕೆ ನಿಲ್ಲುವವಳು.

ಕಿಟಕಿ ತೆರೆಯಲು ಹೋದೆ. ಅವ್ವ ಕೈ ಹಿಡಿದಳು. ಇಲಿಗಳ ವಿಷಯ ಹೇಳಿದ್ದಕ್ಕೆ, ನನ್ನ ಮಗಳೇನು ಇಲಿಯೇನು, ನಿನ್ನ ಶ್ಯಾಣೇತನ ಕಾಲೇಜಿನಲ್ಲಿ ಇಟ್ಟುಕೋ, ಬಾಣಂತಿಗೆ ತಂಡಿ ಹತ್ತಿದರೆ ನೋಡುವವರು ಯಾರು ಎಂದು ಝಾಡಿಸಿದಳು. ನಾನೂ ಬಿಡಲಿಲ್ಲ. ಇಬ್ಬರೂ ದನಿ ಏರಿಸಿದೆವು. ಕೂಸು ಎದ್ದು ಅಳತೊಡಗಿತು. ಅವ್ವ ಅದನ್ನೆತ್ತಿ ಅಕ್ಕನ ಮಗ್ಗುಲಿಗೆ ಹಾಕಲು ಬಾಗಿದಳು. ಅಕ್ಕ ಇನ್ನಷ್ಟು ಗೋಡೆಗೆ ಸರಿದಳು.

“ನನ್ನ ಹತ್ರ ಇಡಬ್ಯಾಡ ಅವ್ವ,” ಎಂದಳು. “ನನ್ನ ಕೈ ಮ್ಯಾಲೆ ನನಗ ನಂಬಿಕಿ ಇಲ್ಲ.”

ಅವ್ವ ಕೂಸನ್ನು ಎದೆಗವಚಿಕೊಂಡು ನಿಂತುಬಿಟ್ಟಳು. ಈಗ ಅಕ್ಕನಿಗೂ ಬೈಗುಳ ಬೀಳುತ್ತದೆ ಅಂದುಕೊಂಡೆ. ಅವ್ವ ಬೈಯಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು, ಸಂದಿಯ ಬಟ್ಟೆಗಳನ್ನೆಲ್ಲ ತಾನೇ ಕಿತ್ತು ಕಿಟಕಿ ತೆರೆದಳು. ಬೆಳಕಿಗೆ ಅಕ್ಕ ಕಣ್ಣು ಮುಚ್ಚಿಕೊಂಡಳು.

ಕಿಟಕಿಯ ಕಡೆಗೇ ಮುಖ ಮಾಡಿ ಅವ್ವ ನನಗೆ ಹೇಳಿದಳು: “ನೀ ಹುಟ್ಟಿದಾಗ ನನಗೂ ಹಿಂಗ ಆಗಿತ್ತು. ನಿನ್ನ ಎತ್ಗೊಂಡು ಬಾವಿ ದಂಡಿಗೆ ಹೋಗಿ ನಿಂತಿದ್ನಿ. ಈಕಿ ಆಗಿನ್ನೂ ಸಣ್ಣಾಕಿ. ಹಿಂದಿಂದ ಬಂದು ನನ್ನ ಸೆರಗ ಹಿಡದ್ಲು. ಬಿಡಲೇ ಇಲ್ಲ.”

ಹುಬ್ಬಳ್ಳಿಯ ಮನೋವೈದ್ಯರೊಬ್ಬರಿಗೆ ಫೋನ್ ಮಾಡಿ, ಓಣಿಯವರ ಕಾರು ಕರೆಸಿದೆವು. ಅವ್ವ ಕೂಸನ್ನು ಹಿಡಿದು ಮುಂದೆ ಕೂತಳು, ನಾನು ಅಕ್ಕನ ಜೊತೆ ಹಿಂದೆ. ಹೊತ್ತು ಆಗಲೇ ಇಳಿಯುತ್ತಿತ್ತು. ಕಾರು ಕೆರೆಯ ಏರಿ ಮೇಲೆ ಹೋಗುವಾಗ ಅಕ್ಕ ನೀರಿನಿಂದ ಕಣ್ಣು ಕೀಳಲಿಲ್ಲ. ಅವಳ ಸೆರಗಿನ ತುದಿಯನ್ನು ನಾನು ಮುಷ್ಟಿಯಲ್ಲಿ ಹಿಡಿದಿದ್ದೆ.