ನಮ್ಮ ಟೆರೇಸಿಗೂ ಬರ್ತೀರೇನ್ರಿ?

ಹೋದ ಭಾನುವಾರ ಬೆಳಿಗ್ಗೆ ನಮ್ಮ ಟೆರೇಸಿನ ಮೇಲೆ ಹಳೆಯ ಕಾಟನ್ ಸೀರೆಗಳನ್ನು ಹಾಸಿ, ಉದ್ದಿನ ಹಪ್ಪಳದ ಹಿಟ್ಟು ಕುಟ್ಟಿ, ಅದರ ಮೇಲೆ ಒದ್ದೆ ಬಟ್ಟೆ ಮುಚ್ಚಿ ಕೂತಿದ್ದೆ. ಕಣ್ಣೆಲ್ಲ ಮೆಟ್ಟಿಲ ಮೇಲೆ.

ಹಿಟ್ಟು ಒಬ್ಬಳೇ ಲಟ್ಟಿಸಿ ಮುಗಿಸುವಷ್ಟಿರಲಿಲ್ಲ. ಬೇಕಂತಲೇ ಜಾಸ್ತಿ ಮಾಡಿದ್ದೆ. ಓಣಿಯ ಹೆಂಗಸರೆಲ್ಲ ಬಂದು ಕೂತರೆ ಮಧ್ಯಾಹ್ನಕ್ಕೆ ಮುಗಿಯುವಷ್ಟು. ಅವರು ಬರುತ್ತಾರಾ?

"ಯಾರೂ ಬರ್ಲಿಲ್ಲಂದ್ರ ಏನ್ ಮಾಡ್ತಿ?" ಎಂದು ಕೇಳಿದರು ನಮ್ಮ ಯಜಮಾನರು. (ಔರಾದಿನಲ್ಲಿ ಕೆಲಸ. ವಾರಕ್ಕೊಮ್ಮೆ ಬೀದರಿಗೆ ಬಂದು ಇಂಥ ಪ್ರಶ್ನೆ ಕೇಳಿ ಹೋಗುತ್ತಾರೆ.)

"ನೀವೇ ಕುಂತು ಲಟ್ಟಸ್ರಿ" ಎಂದೆ. ಕೆಳಗಿಳಿದು ಹೋದರು.

ನಗು ಬಂತು. ಆದರೆ ಕಣ್ಣು ಮತ್ತೆ ಮೆಟ್ಟಿಲ ಕಡೆಗೇ ಹೋಯಿತು. ಒಂದು ಹಪ್ಪಳಕ್ಕೆ ಇಷ್ಟೊಂದು ಆತಂಕ ಯಾಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಭಾಲ್ಕಿಯಿಂದ ವರ್ಗವಾಗಿ ನಾನು ಬೀದರಿಗೆ ಬಂದು ವರ್ಷವಾಯಿತು. ಭಾಲ್ಕಿಯಲ್ಲಿ ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ಅರ್ಧ ಊರು ಮಾತನಾಡಿಸುತ್ತಿತ್ತು. ಇಲ್ಲಿ ಶಾಲೆ, ಮನೆ, ಮೊಬೈಲು. ದಿನವಿಡೀ ಪಾಠ ಹೇಳಿ ಗಂಟಲು ಸೋತಿರುತ್ತದೆ. ಆದರೂ ಸಂಜೆಯಾದರೆ ಯಾರ ಜೊತೆಗಾದರೂ ಸುಮ್ಮನೆ ಹರಟಬೇಕು ಅನಿಸುತ್ತದೆ. ನಲವತ್ತು ದಾಟಿದ ಮೇಲೆ ಹೊಸ ಗೆಳತಿಯರನ್ನು ಎಲ್ಲಿಂದ ತರುವುದು? ಆನ್‌ಲೈನ್ ಆರ್ಡರ್ ಮಾಡಲಿಕ್ಕಾಗುತ್ತದೆಯೇ?

ಪ್ರಯತ್ನವನ್ನಂತೂ ಮಾಡಿದೆ. ಬೆಳಗಿನ ವಾಕಿಂಗಿಗೆ ಹೋದೆ. ಎಲ್ಲರ ಕಿವಿಯಲ್ಲೂ ಇಯರ್‌ಫೋನು. ಯೋಗ ಕ್ಲಾಸಿಗೆ ಸೇರಿದೆ. ಅಲ್ಲಿ ಒಂದು ತಾಸು ಕಣ್ಣು ಮುಚ್ಚಿ ಕೂರಿಸುತ್ತಾರೆ. ಕಣ್ಣು ಬಿಡುವಷ್ಟರಲ್ಲಿ ಎಲ್ಲರೂ ಸ್ಕೂಟಿ ಸ್ಟಾರ್ಟ್ ಮಾಡಿರುತ್ತಾರೆ.

ಆಮೇಲೆ ಒಂದು ಕಿಟ್ಟಿ ಪಾರ್ಟಿ. ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋಗಿದ್ದರು. ಒಳ್ಳೆಯ ಸೀರೆ, ಒಳ್ಳೆಯ ನಗು, ಒಳ್ಳೆಯ ಅವಲಕ್ಕಿ ಚೂಡಾ. ಚಹಾ ಬರುವ ಮೊದಲೇ ಪಕ್ಕದವರು ಕೇಳಿದರು, "ನಿಮ್ಮ ಅಡ್ಡಹೆಸರು ಏನ್ರಿ?"

ನಮ್ಮ ಕಡೆ ಅಡ್ಡಹೆಸರು ಅಂದರೆ ಮನೆತನದ ಹೆಸರು ಕೇಳಿದರೆ ಸಾಕು, ಜಾತಿಯೂ ಸೇರಿ ಉಳಿದದ್ದೆಲ್ಲ ತಾನಾಗಿ ಗೊತ್ತಾಗುತ್ತದೆ. ನಾವು ಬೌದ್ಧರು, ಅಜ್ಜನ ಕಾಲದಲ್ಲಿ ಬೌದ್ಧರಾದ ದಲಿತರು. ಮುಚ್ಚಿಡುವಂಥದ್ದೇನೂ ಇಲ್ಲ. ಹೇಳಿದೆ.

"ಹೌದೇನ್ರಿ?" ಎಂದರು. ಅಷ್ಟೇ. ಆ 'ಹೌದೇನ್ರಿ'ಯ ನಂತರ ಮಾತು ಬಿಸಿಲಿನ ಕಡೆ ಹೊರಳಿತು. ಹೊರಡುವಾಗ "ಗ್ರೂಪಿಗೆ ಆ್ಯಡ್ ಮಾಡ್ತೇವ್ರಿ" ಎಂದರು. ಇನ್ನೂ ಮಾಡುತ್ತಲೇ ಇದ್ದಾರೆ.

ಇನ್ನು ಸಾಕು, ಯಾರ ಬಾಗಿಲಿಗೂ ಹೋಗುವುದಿಲ್ಲ ಎಂದು ಅವತ್ತು ತೀರ್ಮಾನ ಮಾಡಿಬಿಟ್ಟೆ. ವಾಪಸ್ ಭಾಲ್ಕಿಗೆ ವರ್ಗ ಮಾಡಿಸಿಕೊಳ್ಳುವ ಯೋಚನೆಯೂ ಬಂತು.

ಅಷ್ಟರಲ್ಲಿ ಬೇಸಿಗೆ ಬಂತು. ನಮ್ಮ ಓಣಿಯಲ್ಲಿ ಹಪ್ಪಳ ಶುರುವಾಯಿತು. ಇವತ್ತು ಇವರ ಮನೆ, ನಾಳೆ ಅವರ ಮನೆ. ಯಾರೂ ಯಾರನ್ನೂ ಕರೆಯುವುದಿಲ್ಲ. ಹಿಟ್ಟು ಕುಟ್ಟುವ ಸದ್ದು ಕೇಳಿದರೆ ನಮ್ಮ ನಮ್ಮ ಮಣೆ, ಲಟ್ಟಣಿಗೆ ಹಿಡಿದುಕೊಂಡು ಹೋಗುವುದು. ಇದೆಲ್ಲ ನನಗೆ ಗೊತ್ತು. ನಾನೂ ನನ್ನ ತವರೂರು ಭಾತಂಬ್ರಾದಲ್ಲಿ ಹಪ್ಪಳ ಲಟ್ಟಿಸಿಯೇ ಬೆಳೆದವಳು. ಆದರೂ ಪಕ್ಕದ ಟೆರೇಸಿನಿಂದ ಸದ್ದು ಬಂದಾಗ ಬಟ್ಟೆ ಒಣಹಾಕುವ ನೆಪದಲ್ಲಿ ನೋಡುತ್ತ ನಿಂತೆನೇ ಹೊರತು ಹೋಗಲಿಲ್ಲ.

ಪಕ್ಕದ ಮನೆಯ ಶಾಂತಾಬಾಯಿಯವರು ಕೂತಲ್ಲಿಂದಲೇ ಕೂಗಿದರು. ಅರವತ್ತು ದಾಟಿದವರು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. "ಟೀಚರಬಾಯಿ, ಮನ್ಯಾಗ ಲಟ್ಟಣಗಿ ಅದ ಇಲ್ರಿ?"

"ಅದ ರೀ, ಕಾಕು."

"ಮತ್ತ ಅಲ್ಲೇ ನಿಂತು ಏನ್ ನೋಡ್ಲತ್ತೀರಿ? ಬರ್ರಿ!"

ಹೋದೆ. ಅಲ್ಲೂ ಅಡ್ಡಹೆಸರಿನ ಪ್ರಶ್ನೆ ಬಂತು. ಹೇಳಿದೆ. ಒಂದೆರಡು ಲಟ್ಟಣಿಗೆ ನಿಂತಂತಾಯಿತು. ಕಾಕು ಮಾತ್ರ ನನ್ನ ಹಪ್ಪಳವನ್ನು ಬಿಸಿಲಿಗೆ ಹಿಡಿದು ನೋಡಿ, "ನಡೂಕ ದಪ್ಪ ಆಗ್ಯದ, ಇನ್ನೊಂದ್ ಕೈ ಹಾಕ್ರಿ" ಎಂದರು. ಕೆಲಸ ಮುಂದುವರಿಯಿತು.

ಆಮೇಲೆ ಮೂರು ನಾಲ್ಕು ಮನೆಗಳಿಗೆ ಹೋದೆ. ಲಟ್ಟಿಸುತ್ತ ಅತ್ತೆಯರನ್ನು ಬೈದೆವು, ಗಂಡಂದಿರನ್ನು ಆಡಿಕೊಂಡೆವು, ಎಣ್ಣೆಯಲ್ಲಿ ಅದ್ದಿದ ಹಸಿ ಹಿಟ್ಟಿನ ಉಂಡೆ ತಿಂದೆವು. (ಹಪ್ಪಳ ಮಾಡುವುದೇ ಆ ಉಂಡೆ ತಿನ್ನಲಿಕ್ಕೆ ಎಂಬುದು ನಮ್ಮ ನಿಮ್ಮ ನಡುವಿನ ಗುಟ್ಟು.) ವರ್ಷದಲ್ಲಿ ಮೊದಲ ಸಲ ಬೀದರು ನನ್ನೂರು ಅನಿಸಿತು.

ಆದರೆ ಒಬ್ಬರ ಮನೆಗೆ ಹೋದ ಮೇಲೆ ಅವರು ನಮ್ಮ ಮನೆಗೂ ಬರಬೇಕಲ್ಲ? "ಮುಂದ ಯಾರ ಮನಿ?" ಎಂದು ಯಾರೋ ಕೇಳಿದಾಗ, "ಐತವಾರ ನಮ್ಮ ಮನ್ಯಾಗ್ರಿ" ಎಂದುಬಿಟ್ಟೆ. ಒಬ್ಬರು "ನೋಡೋಣ್ರಿ" ಎಂದರು. ಇನ್ನೊಬ್ಬರು ಮದುವೆ ಅದ ಎಂದರು. ಕಾಕು ಮಾತ್ರ ಒಣಗಿದ ಹಪ್ಪಳ ಎಣಿಸುತ್ತಲೇ ಇದ್ದರು. ನನಗೆ ಭಯವಾದದ್ದೇ ಅದಕ್ಕೆ.

ಹಾಗಾಗಿ ಭಾನುವಾರ ಮೆಟ್ಟಿಲು ನೋಡುತ್ತ ಕೂತಿದ್ದೆ. ಬಿಸಿಲು ಏರುತ್ತಿತ್ತು. ಒದ್ದೆ ಬಟ್ಟೆಗೆ ಎರಡನೇ ಸಲ ನೀರು ಚಿಮುಕಿಸಿದೆ. ಅಳು ಬರುವ ಹಾಗಿತ್ತು, ನಿಜ ಹೇಳಬೇಕೆಂದರೆ.

ಕೊನೆಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಬಗಲಲ್ಲಿ ಮಣೆ, ಕೈಯಲ್ಲಿ ಲಟ್ಟಣಿಗೆ ಹಿಡಿದುಕೊಂಡು ಕಾಕು ಹತ್ತಿ ಬಂದರು. "ಮಣಕಾಲ ನೋವ್ರಿ, ಅದಕ್ಕ ತಡ ಆಯ್ತು." ಕೂರುವ ಮೊದಲೇ ಒಂದು ಉಂಡೆ ಮುರಿದು, ಎಣ್ಣೆಯಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡರು. ನಾನು ಎಣ್ಣೆಯ ಬಟ್ಟಲನ್ನು ಅವರ ಹತ್ತಿರ ಸರಿಸಿದೆ.

"ಉಪ್ಪು ಜರಾ ಕಮ್ಮಿ ಅದ" ಎಂದರು. ಮತ್ತೊಂದು ಮುರಿದುಕೊಂಡರು.

ನನ್ನ ಅಡುಗೆಯಲ್ಲಿ ತಪ್ಪು ತೆಗೆದವರ ಮೇಲೆ ನನಗೆ ಇಷ್ಟು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ.

ಹಿಂದೆಯೇ ಮೂಲೆಮನೆಯ ಸವಿತಾ ಬಂದಳು. ಚುರುಕು ಕೈ. ಎದ್ದು ಹೋಗುವವರೆಗೂ ಬಗ್ಗಿದ ತಲೆ ಎತ್ತದೆ ಲಟ್ಟಿಸಿದಳು. ಆದರೆ ಉಂಡೆ ಕೊಟ್ಟರೆ, "ಹೊಟ್ಟಿ ತುಂಬ್ಯದ್ರಿ ಅಕ್ಕಾ" ಎಂದಳು. ಅದರ ಹಿಂದಿನ ವಾರ ಕಾಕುವಿನ ಮನೆಯಲ್ಲಿ ತಿಂದೇ ತಿಂದಿದ್ದಳು. ಅವಳ ಮೇಲೆ ಸಿಟ್ಟಾಗಲೋ, ಬಂದಳಲ್ಲ ಎಂದು ಖುಷಿಪಡಲೋ? ಎರಡೂ ಆಯಿತು.

ಬೇರೆ ಯಾರೂ ಬರಲಿಲ್ಲ. ಮದುವೆಯವರು ಮದುವೆಗೆ ಹೋಗಿದ್ದರು. ನೋಡೋಣ ಎಂದವರು ತಮ್ಮ ಟೆರೇಸಿನಿಂದ ನೋಡಿದರು. ನನಗೆ ನೋವಾಯಿತು. ಅದನ್ನು ದೊಡ್ಡ ಮನಸ್ಸು ಮಾಡಿ ನುಂಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಹಿಟ್ಟು ಹಾಗೇ ಉಳಿದಿತ್ತು. ಸವಿತಾ ಹೋದಳು. ಕಾಕುವೂ ಸೊಂಟ ಹಿಡಿದುಕೊಂಡು ಎದ್ದರು. ಮೆಟ್ಟಿಲಿಳಿಯುವಾಗ ನೋಡಿದರೆ ಬಗಲಲ್ಲಿ ಮಣೆ ಇದೆ, ಕೈ ಖಾಲಿ.

"ಕಾಕು, ನಿಮ್ಮ ಲಟ್ಟಣಗಿ ಮರ್ತೀರಿ ನೋಡ್ರಿ!"

"ಮರ್ತಿಲ್ಲ, ಬಿಟ್ಟೇನಿ" ಎಂದರು ತಿರುಗಿ ನೋಡದೆ. "ಉಳಿದ ಹಿಟ್ಟು ಯಾರ್ ಮುಗಸ್ತಾರ? ನಾಳಿ ಮತ್ತ ಬರ್ತೇನಿ."

ಹೊಸಬರನ್ನು ಬನ್ನಿ ಬನ್ನಿ ಎಂದು ಕರೆಯುವ ಗ್ರೂಪುಗಳು ಎಲ್ಲ ಊರಲ್ಲೂ ಸಿಗುತ್ತವೆ. ಹೊಸಬರ ಮನೆಯಲ್ಲಿ ತಮ್ಮ ಲಟ್ಟಣಿಗೆ ಬಿಟ್ಟು ಬರುವವರು ಎಷ್ಟು ಜನ?